ಪ್ರಸಂಗಪೀಠದ ಕೆಳಗೆ ನಿಂತು ಹಾಡಿದವರು

ಅಮೆರಿಕದ ಕಪ್ಪು ಜನರ ದೇವಾಲಯಗಳಲ್ಲಿ, ಅದರಲ್ಲಿಯೂ ಬ್ಯಾಪ್ಟಿಸ್ಟ್ ಮತ್ತು ಪೆಂಟೆಕೋಸ್ಟಲ್ ಪಂಥಗಳಿಗೆ ಸೇರಿದವುಗಳಲ್ಲಿ, ತಿಂಗಳ ಮೊದಲ ಭಾನುವಾರದ ಆರಾಧನೆಗೆ ಹೋದವರ ಕಣ್ಣಿಗೆ ಮೊದಲು ಬೀಳುವವರು ಮುಂದಿನ ಸಾಲಿನ ಬೆಂಚುಗಳಲ್ಲಿ ಅಚ್ಚ ಬಿಳಿಯ ಉಡುಪು, ಬಿಳಿಯ ಟೋಪಿ ಧರಿಸಿ ನೆಟ್ಟಗೆ ಕುಳಿತಿರುವ ವೃದ್ಧೆಯರು. ಸಭೆಯವರು ಇವರನ್ನು ಬರಿಯ ಹೆಸರಿನಿಂದ ಕರೆಯುವುದಿಲ್ಲ. ಹೆಸರಿನ ಮುಂದೆ 'ಮದರ್' ಎಂಬುದನ್ನು ಸೇರಿಸಿಯೇ ಕರೆಯುತ್ತಾರೆ. ಇದು ವಯಸ್ಸಿಗೆ ಸಲ್ಲುವ ಉಪಚಾರವಲ್ಲ, ಸಭೆಯು ವಿಧಿವತ್ತಾಗಿ ಕೊಡುವ ಪದವಿ. ಹೊಸದಾಗಿ ದೀಕ್ಷಾಸ್ನಾನ ಪಡೆಯುವ ಹೆಂಗಸರಿಗೆ ಬಟ್ಟೆ ತೊಡಿಸುವವರು, ರೋಗಿಗಳ ಮನೆಗೆ ಹೋಗಿ ಪ್ರಾರ್ಥಿಸುವವರು, ಹರೆಯದ ಹುಡುಗಿಯರ ನಡೆನುಡಿಗಳ ಮೇಲೆ ಕಣ್ಣಿಡುವವರು ಇವರೇ. ಪಾದ್ರಿಯ ಪ್ರಸಂಗವು ಗುರಿ ತಪ್ಪಿ ಅಲೆಯತೊಡಗಿದರೆ ಕುಳಿತಲ್ಲಿಂದಲೇ ಒಂದು ಹಾಡನ್ನೆತ್ತಿ ಅದನ್ನು ಮುಗಿಸಿಬಿಡಬಲ್ಲವರೂ ಇವರೇ. ಇವರ ಮುಖ ನೋಡದೆ ಪಾದ್ರಿಯೊಬ್ಬನ ನೇಮಕವಾಗುವುದು ಕಷ್ಟ. ನೇಮಕವಾದವನು ಉಳಿಯುವುದಂತೂ ಇನ್ನೂ ಕಷ್ಟ.

ಇಷ್ಟು ಅಧಿಕಾರವಿದ್ದವರು ಏರಲಾಗದ ಸ್ಥಳವೊಂದು ಆ ದೇವಾಲಯದೊಳಗೇ ಇತ್ತು. ಅದು ಪ್ರಸಂಗಪೀಠ. ಚಾರ್ಲ್ಸ್ ಹ್ಯಾರಿಸನ್ ಮೇಸನ್ ಕಟ್ಟಿದ 'ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್' ಎಂಬ ಪಂಥವು 1911ರಲ್ಲಿ ಲಿಜ್ಜಿ ರಾಬಿನ್ಸನ್ ಎಂಬ ಸಮರ್ಥೆಯನ್ನು ಹೆಂಗಸರ ಕಾರ್ಯಕ್ಕೆಲ್ಲ ಮುಖ್ಯಸ್ಥೆಯನ್ನಾಗಿ ಮಾಡಿತು; ಆದರೆ ಹೆಂಗಸು 'ಬೋಧಿಸ'ಬಹುದೇ ಹೊರತು 'ಪ್ರಸಂಗ ಮಾಡ'ಬಾರದೆಂಬ ಕಟ್ಟಳೆಯನ್ನು ಮಾತ್ರ ಸಡಿಲಿಸಲಿಲ್ಲ. ಬೋಧನೆಗೂ ಪ್ರಸಂಗಕ್ಕೂ ಅಂತರವೇನೆಂದು ಕೇಳಿದರೆ ಸಿಗುತ್ತಿದ್ದ ಉತ್ತರ ಬಹುಮಟ್ಟಿಗೆ ಮರಗೆಲಸದವನಿಗೆ ಸಂಬಂಧಪಟ್ಟದ್ದು: ಮೇಲಿನ ಪೀಠದಿಂದ ನುಡಿದರೆ ಪ್ರಸಂಗ, ಕೆಳಗೆ ನೆಲದ ಮೇಲಿರಿಸಿದ ಚಿಕ್ಕ ಮೇಜಿನ ಹಿಂದೆ ನಿಂತು ನುಡಿದರೆ ಬೋಧನೆ. ಬ್ಯಾಪ್ಟಿಸ್ಟ್ ಸಭೆಗಳಲ್ಲಿಯೂ ಸ್ಥಿತಿ ಹೆಚ್ಚು ಬೇರೆಯಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಗಾಸ್ಪೆಲ್ ಗಾಯನದ ಚರಿತ್ರೆಯನ್ನು ನಾನು ಓದಿಕೊಂಡಿರುವ ಮಟ್ಟಿಗೆ, ಅದರ ಬಹುಭಾಗವು ಈ ಪೀಠದ ಕೆಳಗೆ ನಿಂತವರ ಚರಿತ್ರೆ. ಮೇಲೇರಿ ನುಡಿಯಬಾರದೆಂಬ ನಿಯಮಕ್ಕೆ ತಲೆಬಾಗಿಯೇ, ಹಾಡಿನ ನೆಪದಲ್ಲಿ, ಮೇಲೇರಿದವನು ಹೇಳಬೇಕಾದುದನ್ನೆಲ್ಲ, ಎಷ್ಟೋ ವೇಳೆ ಅವನಿಗಿಂತ ಚೆನ್ನಾಗಿ, ಹೇಳಿಬಿಟ್ಟ ತಾಯಂದಿರ ಚರಿತ್ರೆ.

ಇವರಲ್ಲಿ ಒಬ್ಬಳು ಗಾಸ್ಪೆಲ್ ಎಂಬ ಗಾನಪ್ರಕಾರವು ಹುಟ್ಟುವುದಕ್ಕೆ ಬಹಳ ಮುಂಚೆಯೇ ನಮ್ಮ ದೇಶದವರೆಗೂ ಬಂದು ಹೋದವಳೆಂಬುದು ಇಲ್ಲಿ ಹೆಚ್ಚು ಮಂದಿಗೆ ತಿಳಿದಂತಿಲ್ಲ. ಅಮಾಂಡಾ ಬೆರಿ ಸ್ಮಿತ್ 1837ರಲ್ಲಿ ಮೇರಿಲ್ಯಾಂಡ್ ಸಂಸ್ಥಾನದಲ್ಲಿ ಗುಲಾಮಳಾಗಿ ಹುಟ್ಟಿದವಳು. ಅವಳ ತಂದೆ ಹಗಲೆಲ್ಲ ಒಡೆಯನ ಹೊಲದಲ್ಲಿ ದುಡಿದು, ರಾತ್ರಿಯ ಹೊತ್ತು ಕಸಬರಿಗೆ ಕಟ್ಟಿ, ಜೋಳದ ಸಿಪ್ಪೆಯ ಚಾಪೆ ನೇಯ್ದು ಮಾರಿ, ಕೂಡಿಟ್ಟ ಹಣದಿಂದ ಮೊದಲು ತನ್ನನ್ನೂ ಅನಂತರ ಹೆಂಡತಿ ಮಕ್ಕಳನ್ನೂ ಕೊಂಡು ಬಿಡಿಸಿಕೊಂಡ. ಬಿಡುಗಡೆ ಹೊಂದಿದ ಮಗಳು ಪರರ ಮನೆಯ ಬಟ್ಟೆ ಒಗೆದು ಬದುಕಿದಳು; ಎರಡು ಸಲ ವಿಧವೆಯಾದಳು; ಹೆತ್ತ ಐದು ಮಕ್ಕಳಲ್ಲಿ ನಾಲ್ವರನ್ನು ಮಣ್ಣಿಗೆ ಕೊಟ್ಟಳು. ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಗೆ ಸೇರಿದ್ದ ಈಕೆ, ಆ ಸಭೆಯಿಂದ ಯಾವ ದೀಕ್ಷೆಯನ್ನೂ ಪಡೆಯದೆ, ಕೇಳದೆ, ಬಯಲ ಕೂಟಗಳಲ್ಲಿ ಎದ್ದುನಿಂತು ಸಾಕ್ಷಿ ಹೇಳುವುದಕ್ಕೂ ಹಾಡುವುದಕ್ಕೂ ತೊಡಗಿದಳು. ಕ್ವೇಕರ್ ಹೆಂಗಸರಂತೆ ಸಾದಾ ನಿಲುವಂಗಿ ತೊಟ್ಟು ನಿಂತು ಆಕೆ ಹಾಡಿದರೆ ಬಿಳಿಯರ ಕೂಟಗಳೂ ನಿಶ್ಶಬ್ದವಾಗಿ ಕೇಳುತ್ತಿದ್ದುವಂತೆ. 1878ರಲ್ಲಿ ಇಂಗ್ಲೆಂಡಿಗೆ ಹೋದವಳು 1879ರಲ್ಲಿ ಹಿಂದೂಸ್ತಾನಕ್ಕೆ ಬಂದು, ಮೆಥಡಿಸ್ಟ್ ಮಿಷನರಿ ಜೇಮ್ಸ್ ಥೋಬರ್ನ್ ಮುಂತಾದವರ ಜೊತೆಯಲ್ಲಿ ಕೆಲಸ ಮಾಡಿ, ಮುಂದೆ ಪಶ್ಚಿಮ ಆಫ್ರಿಕದ ಲೈಬೀರಿಯದಲ್ಲಿ ಎಂಟು ವರ್ಷ ಕಳೆದಳು. 1893ರಲ್ಲಿ ಹೊರಬಂದ ಅವಳ ಆತ್ಮಚರಿತ್ರೆಗೆ ಮುನ್ನುಡಿ ಬರೆದವನು, ಆ ವೇಳೆಗೆ ಬಿಷಪ್ ಆಗಿದ್ದ, ಇದೇ ಥೋಬರ್ನ್. ಪೀಠವಿಲ್ಲದವಳಿಂದ ಪೀಠದ ಮೇಲಿನ ವಿದ್ಯೆಯನ್ನು ತಾನು ಎಷ್ಟು ಕಲಿತೆನೆಂಬುದನ್ನು ಅವನು ಅಲ್ಲಿ ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾನೆ.

ಆದರೆ ನಾನು ಮುಖ್ಯವಾಗಿ ಹೇಳಹೊರಟಿರುವುದು ಇನ್ನೊಬ್ಬ ಸ್ಮಿತ್ ಅವರನ್ನು ಕುರಿತು. ವಿಲ್ಲಿ ಮೇ ಫೋರ್ಡ್ ಸ್ಮಿತ್ 1904ರಲ್ಲಿ ಮಿಸಿಸಿಪಿ ಸಂಸ್ಥಾನದ ರೋಲಿಂಗ್ ಫೋರ್ಕ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ರೈಲುಗಾಡಿಯಲ್ಲಿ ಬ್ರೇಕ್‌ಮನ್. ಬ್ಯಾಪ್ಟಿಸ್ಟ್ ಸಭೆಯಲ್ಲಿ ಡೀಕನ್. ಮನೆಯಲ್ಲಿ ಹದಿನಾಲ್ಕು ಮಕ್ಕಳು. ಸಂಸಾರವು ಮೊದಲು ಮೆಂಫಿಸ್ ಪಟ್ಟಣಕ್ಕೆ, ಅನಂತರ 1917ರ ಸುಮಾರಿಗೆ ಮಿಸಿಸಿಪಿ ನದಿಯ ದಂಡೆಯ ಸೇಂಟ್ ಲೂಯಿ ನಗರಕ್ಕೆ ಸ್ಥಳ ಬದಲಾಯಿಸಿತು. ದಕ್ಷಿಣದ ಹತ್ತಿಹೊಲಗಳನ್ನೂ ಅಲ್ಲಿನ ಕ್ರೌರ್ಯವನ್ನೂ ಬಿಟ್ಟು ಉತ್ತರದ ಕಾರ್ಖಾನೆಯೂರುಗಳಿಗೆ 1970ರೊಳಗಾಗಿ ಹೋದ ಸುಮಾರು 60 ಲಕ್ಷ ಕಪ್ಪು ಜನರ ಮಹಾಪ್ರವಾಹದಲ್ಲಿ ಈ ಸಂಸಾರವೂ ಒಂದು. ಹೋದ ಕಡೆಯೇನೂ ವಾಗ್ದತ್ತ ಭೂಮಿಯಾಗಿರಲಿಲ್ಲ. ಅದೇ 1917ರ ಜುಲೈ ತಿಂಗಳಲ್ಲಿ, ನದಿಯ ಆಚೆದಡದ ಈಸ್ಟ್ ಸೇಂಟ್ ಲೂಯಿಯಲ್ಲಿ, ಕೆಲಸಕ್ಕೆ ಬಂದ ಕಪ್ಪು ಜನರ ಮನೆಗಳಿಗೆ ಬಿಳಿಯರ ಗುಂಪುಗಳು ಬೆಂಕಿಯಿಟ್ಟುವು. ಸರ್ಕಾರದ ಲೆಕ್ಕದಲ್ಲಿಯೇ 39 ಮಂದಿ ಕಪ್ಪು ಜನರು ಸತ್ತರು. ಇಂಥ ಊರಿನಲ್ಲಿ ತಾಯಿ ಊಟದ ಅಂಗಡಿಯನ್ನಿಟ್ಟರು. ಮಗಳು ವಿಲ್ಲಿ ಮೇ ಶಾಲೆ ಬಿಟ್ಟು ಅಂಗಡಿಯ ಕೆಲಸಕ್ಕೆ ನಿಂತರು.

ತಂದೆ ತನ್ನ ನಾಲ್ವರು ಹೆಣ್ಣುಮಕ್ಕಳನ್ನು ಒಟ್ಟುಗೂಡಿಸಿ ಒಂದು ಹಾಡುಮೇಳವನ್ನು ಕಟ್ಟಿದ್ದ. ಫೋರ್ಡ್ ಸಹೋದರಿಯರು 1922ರಲ್ಲಿ ರಾಷ್ಟ್ರೀಯ ಬ್ಯಾಪ್ಟಿಸ್ಟ್ ಮಹಾಸಭೆಯ ಮುಂದೆ ಹಾಡಿದರು. ಒಬ್ಬೊಬ್ಬರಾಗಿ ಅಕ್ಕತಂಗಿಯರು ಮದುವೆಯಾಗಿ ಹೋದ ಮೇಲೆ ವಿಲ್ಲಿ ಮೇ ಒಬ್ಬರೇ ಹಾಡುವವರಾದರು. ಕಂಠ ಎತ್ತರದ್ದು, ಶುದ್ಧವಾದುದು. ಒಪೆರಾದ ಪಾಶ್ಚಾತ್ಯ ಶಾಸ್ತ್ರೀಯ ಮಾರ್ಗವನ್ನು ಹಿಡಿಯಬೇಕೆಂಬ ಯೋಚನೆಯೂ ಅವರಿಗಿದ್ದಿತು. 1926ರ ಮಹಾಸಭೆಯಲ್ಲಿ ಡೆಟ್ರಾಯಿಟಿನ ಆರ್ಟೀಲಿಯ ಹಚಿನ್ಸ್ ಎಂಬಾಕೆಯ ಹಾಡನ್ನು ಕೇಳಿದುದೇ ಆ ಯೋಚನೆ ಅಲ್ಲಿಗೆ ನಿಂತಿತು. ಹಚಿನ್ಸ್ ಬಗ್ಗೆ ನಾನು ನೋಡಿದ ಗ್ರಂಥಗಳು ಹೇಳುವುದು ಇದಕ್ಕಿಂತ ಹೆಚ್ಚೇನೂ ಇಲ್ಲ. ಒಬ್ಬ ಹೆಂಗಸಿನ ಹಾಡು ಇನ್ನೊಬ್ಬ ಹೆಂಗಸಿನ ಬಾಳಿನ ದಾರಿಯನ್ನು ತಿರುಗಿಸಿತೆಂಬ ಇಷ್ಟರಿಂದಲೇ ಆಕೆಯ ಹೆಸರು ಉಳಿದಿದೆ.

ಆ ದಿನಗಳಲ್ಲಿ ದೊಡ್ಡ ದೇವಾಲಯಗಳ ರುಚಿ ಬೇರೆಯಾಗಿದ್ದಿತು. ಅಲ್ಲಿ ಓದು ಬರಹ ಕಲಿತ ಸಭ್ಯರು ಯೂರೋಪಿನ ಭಕ್ತಿಗೀತೆಗಳನ್ನೂ, ಫಿಸ್ಕ್ ವಿಶ್ವವಿದ್ಯಾಲಯದ ಜೂಬಿಲಿ ಗಾಯಕರು 1871ರಿಂದ ಊರೂರು ತಿರುಗಿ ಲೋಕಪ್ರಸಿದ್ಧಗೊಳಿಸಿದ್ದ ಸ್ಪಿರಿಚುಯಲ್ ಹಾಡುಗಳನ್ನೂ, ಸ್ವರಪುಸ್ತಕವನ್ನು ಕೈಯಲ್ಲಿ ಹಿಡಿದು, ಮೈ ಅಲುಗಿಸದೆ, ಹಾಡುತ್ತಿದ್ದರು. ಹಳ್ಳಿಗಳಿಂದ ಬಂದವರ ಹಾಡುಗಾರಿಕೆ ಹಾಗಲ್ಲ. ಅಕ್ಷರ ಬಲ್ಲವನೊಬ್ಬನು ಐಸಾಕ್ ವಾಟ್ಸ್ ಎಂಬ ಕೀರ್ತನಕಾರನ ಸಾಲೊಂದನ್ನು ಹೇಳಿಕೊಡುವುದು, ಸಭೆಯೆಲ್ಲ ಅದನ್ನೆತ್ತಿಕೊಂಡು, ಒಂದೊಂದು ಅಕ್ಷರವನ್ನೂ ಎಳೆದೆಳೆದು, ನಡುವೆ ನರಳಿ, ಕಾಲಿನಿಂದ ನೆಲ ತಟ್ಟಿ ಹಾಡುವುದು. ಪುಸ್ತಕ ಕೊಳ್ಳಲಾಗದ, ಕೊಂಡರೂ ಓದಲಾಗದ ಜನರಲ್ಲಿ ಬೇರೂರಿದ ಕ್ರಮವಿದು. ಇವರು ನಗರಕ್ಕೆ ಬಂದು ಬೀದಿಬದಿಯ ಖಾಲಿ ಅಂಗಡಿಗಳನ್ನು ಬಾಡಿಗೆಗೆ ಹಿಡಿದು ದೇವಾಲಯ ಮಾಡಿಕೊಂಡರು. ಆ ಅಂಗಡಿಗಳಲ್ಲಿ ಪಿಯಾನೋ, ಕಂಜಿರದಂಥ ಟಾಂಬರೀನ್, ಚಪ್ಪಾಳೆಗಳ ನಡುವೆ ಬೆಳೆದು ಬಂದುದನ್ನೇ ಮುಂದೆ ಗಾಸ್ಪೆಲ್ ಎಂದು ಕರೆದರು. ಸಭ್ಯರು ಅದನ್ನು ಕುಣಿತದ ಮನೆಯ ಹಾಡೆಂದು ಜರೆದರು. ಜರೆಯುವುದಕ್ಕೆ ಅವರಿಗೆ ಕಾರಣವೂ ಇತ್ತೆನ್ನಬೇಕು. ಏಕೆಂದರೆ ಆ ಗಾನದ ಮುಖ್ಯ ವಾಗ್ಗೇಯಕಾರನಾದ ಥಾಮಸ್ ಡಾರ್ಸಿ ಬಂದದ್ದು ಅಲ್ಲಿಂದಲೇ.

ಡಾರ್ಸಿ 1899ರಲ್ಲಿ ಜಾರ್ಜಿಯದಲ್ಲಿ ಹುಟ್ಟಿದ ಪಾದ್ರಿಯ ಮಗ. 'ಜಾರ್ಜಿಯ ಟಾಮ್' ಎಂಬ ಹೆಸರಿನಿಂದ ಬ್ಲೂಸ್ ಹಾಡುಗಳಿಗೆ ಪಿಯಾನೋ ನುಡಿಸುತ್ತಿದ್ದವನು. ಬ್ಲೂಸ್ ಗಾಯಕಿ ಮಾ ರೇನಿಯ ಮೇಳವನ್ನು ನಡೆಸಿದವನು. ಶೃಂಗಾರದ ಮಿತಿಯನ್ನು ಮೀರಿದ ಹಾಡುಗಳಿಂದ 1928ರ ಸುಮಾರಿನಲ್ಲಿ ಚೆನ್ನಾಗಿ ಹಣ ಗಳಿಸಿದವನು. ಭಕ್ತಿಗೀತೆಗಳನ್ನು ಬರೆಯತೊಡಗಿದ ಮೇಲೆ ಅವನ ಗಳಿಕೆ ಇಳಿಯಿತು. ಹಾಡೊಂದನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಹತ್ತು ಸೆಂಟಿಗೊಂದರಂತೆ, ದೇವಾಲಯದಿಂದ ದೇವಾಲಯಕ್ಕೆ ಹೊತ್ತು ಮಾರುವುದು ಅವನ ವ್ಯಾಪಾರ. ಹಾಡನ್ನು ಹಾಡಿ ತೋರಿಸದೆ ಹಾಳೆ ಮಾರುವಂತಿಲ್ಲ, ಹಾಡುವವರು ಹೆಂಗಸರು. ಸ್ಯಾಲಿ ಮಾರ್ಟಿನ್ ಎಂಬ ಗಡಸು ಕಂಠದ, ಗಡಸು ಸ್ವಭಾವದ ಗಾಯಕಿಯು ಅವನ ಜೊತೆ ಸೇರಿ ಹಾಡಿದುದಲ್ಲದೆ, ಲೆಕ್ಕವೆಂಬುದೇ ಇಲ್ಲದಿದ್ದ ಅವನ ವ್ಯಾಪಾರಕ್ಕೆ ಲೆಕ್ಕವಿಟ್ಟು, ಊರೂರುಗಳಲ್ಲಿ ಗಾಯಕವೃಂದಗಳನ್ನು ಸ್ಥಾಪಿಸಿ, ಅವನ ಹಾಡುಗಳಿಗೆ ಮಾರುಕಟ್ಟೆಯನ್ನೇ ನಿರ್ಮಿಸಿಕೊಟ್ಟಳು. ನ್ಯೂ ಆರ್ಲಿಯನ್ಸಿನಿಂದ ಷಿಕಾಗೋಗೆ ಬಂದಿದ್ದ ಮಹೇಲಿಯ ಜ್ಯಾಕ್ಸನ್ ಕೂಡ, ಲೋಕವು ಅವಳ ಹೆಸರನ್ನು ಕೇಳುವ ಮುಂಚೆ, ಇದೇ ಡಾರ್ಸಿಯ ಹಾಳೆಗಳಿಗಾಗಿ ಹಾಡಿದವಳು. 'ಗಾಸ್ಪೆಲ್ ಪಿತಾಮಹ'ನೆಂದು ಡಾರ್ಸಿಗೆ ಸಲ್ಲುವ ಬಿರುದು ನ್ಯಾಯವಾದುದೇ. ಆದರೆ ಈ ಪಿತಾಮಹನ ಗಾಡಿಯನ್ನು ಎಳೆದವರು ಯಾರೆಂಬುದನ್ನು ಚರಿತ್ರಕಾರರು ತಡವಾಗಿ ಬರೆದರು.

1932ರ ಆಗಸ್ಟ್ ತಿಂಗಳಿನಲ್ಲಿ ಡಾರ್ಸಿ ಸೇಂಟ್ ಲೂಯಿಯ ಉಜ್ಜೀವನ ಕೂಟವೊಂದಕ್ಕೆ ಹಾಡಲು ಬಂದಿದ್ದನು. ಕೂಟ ನಡೆಯುತ್ತಿದ್ದಂತೆಯೇ ತಂತಿ ಬಂದಿತು: ತುಂಬು ಗರ್ಭಿಣಿಯಾಗಿದ್ದ ಹೆಂಡತಿ ನೆಟ್ಟಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಷಿಕಾಗೋಗೆ ಹಿಂತಿರುಗಿದವನಿಗೆ ಗಂಡುಮಗುವನ್ನು ತೋರಿಸಿದರು, ಅದೂ ಉಳಿಯಲಿಲ್ಲ. ಈ ದುಃಖದಲ್ಲಿ ಅವನು ರಚಿಸಿದ 'ಟೇಕ್ ಮೈ ಹ್ಯಾಂಡ್, ಪ್ರೆಷಸ್ ಲಾರ್ಡ್' ಎಂಬ ಹಾಡು ಕಪ್ಪು ಜನರ ಶವಸಂಸ್ಕಾರಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಆ ವರ್ಷದಲ್ಲಿಯೇ ವಿಲ್ಲಿ ಮೇ ಸ್ಮಿತ್ ಅವರಿಗೆ ಡಾರ್ಸಿಯ ಪರಿಚಯವಾದುದು. ಡಾರ್ಸಿ ಮತ್ತು ಅವನ ಸಂಗಡಿಗರು ಗಾಸ್ಪೆಲ್ ಗಾಯಕವೃಂದಗಳ ರಾಷ್ಟ್ರೀಯ ಸಮ್ಮೇಳನವೊಂದನ್ನು ಸ್ಥಾಪಿಸಿದಾಗ ಸೇಂಟ್ ಲೂಯಿಯಲ್ಲಿ ಅದರ ಭಾರವನ್ನು ಹೊತ್ತವರು ಈಕೆ. ಮುಂದೆ ಒಂಟಿ ಹಾಡುಗಾರರನ್ನು ತಿದ್ದುವ ಸಮ್ಮೇಳನದ ಶಾಖೆಗೂ ಇವರೇ ಮುಖ್ಯರಾದರು. ವರ್ಷಕ್ಕೊಮ್ಮೆ ಸಮ್ಮೇಳನ ಸೇರಿದಾಗ, ಹೊಸ ಹಾಡುಗಾರರು ಇವರ ಮುಂದೆ ಹಾಡುವುದು, ಇವರು ಎಲ್ಲಿ ಉಸಿರೆಳೆಯಬೇಕು, ಎಲ್ಲಿ ಸ್ವರವನ್ನು ಬಗ್ಗಿಸಬೇಕು, ಯಾವ ಮಾತನ್ನು ಎರಡು ಸಲ ಹೇಳಿದರೆ ಸಭೆಗೆ ತಾಕುತ್ತದೆ ಎಂಬುದನ್ನು ಹಾಡಿ ತೋರಿಸುವುದು. ತಮ್ಮ ಹಾಡಿಗೆ ಇಷ್ಟು ಸಾಣೆ ಸಿಗುವ ಜಾಗ ಆ ಹೆಂಗಸರಿಗೆ ಬೇರೆ ಇರಲಿಲ್ಲ.

1939ರಲ್ಲಿ ಅವರು ಬ್ಯಾಪ್ಟಿಸ್ಟ್ ಸಭೆಯನ್ನು ಬಿಟ್ಟು ಅಪೋಸ್ಟಲಿಕ್ ಪಂಥವನ್ನು ಸೇರಿದರು. ಪವಿತ್ರಾತ್ಮನ ಆವೇಶವನ್ನು ಅಡಗಿಸಿಡಬೇಕಿಲ್ಲವೆನ್ನುವ ಈ ಪಂಥದ ಲಯಗಳು ಅವರ ಹಾಡನ್ನು ಹೊಕ್ಕುವು. ಅವರ ಹೆಸರಿಗೇ ಅಂಟಿಕೊಂಡಿರುವ ಕ್ರಮವೊಂದುಂಟು: ಹಾಡಿಗೆ ಮುಂಚೆಯೂ ಹಾಡಿನ ನಡುವೆಯೂ ಒಂದು ಕಿರುಪ್ರಸಂಗವನ್ನು ನುಡಿಯುವುದು. ಹರಿಕಥೆಯ ದಾಸರು ಪದವೊಂದನ್ನೆತ್ತಿ, ಅರ್ಧದಲ್ಲಿಯೇ ನಿಲ್ಲಿಸಿ, ಆ ಪದದ ಮಾತಿನಿಂದಲೇ ಒಂದು ಉಪಕಥೆಯನ್ನು ಹೊರತೆಗೆದು, ಕೇಳುವವರು ಕಥೆಯಲ್ಲಿ ಮುಳುಗಿರುವಾಗ ಮತ್ತೆ ಪಲ್ಲವಿಗೆ ಬಂದು ಸೇರುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾದುದಿಲ್ಲ. ಪಿಯಾನೋ ಮೆಲ್ಲಗೆ ನುಡಿಯುತ್ತಿರುತ್ತದೆ. ತಾಯಿ ಸ್ಮಿತ್ ಮಾತನಾಡುತ್ತಿರುತ್ತಾರೆ. ಬಾಡಿಗೆ ಕಟ್ಟಲಾಗದ ವಾರ, ಜೈಲು ಸೇರಿದ ಮಗ, ಕಾಯಿಲೆಯ ಕೂಸು, ಇವೇ ಮಾತಿನ ವಸ್ತುಗಳು. ಬೆಂಚುಗಳಿಂದ 'ಆಮೆನ್' ಎಂಬ ಉತ್ತರ ಬರುತ್ತದೆ, ಅದಕ್ಕೆ ಪ್ರತ್ಯುತ್ತರವನ್ನು ಅವರು ಕೊಡುತ್ತಾರೆ; ಮಾತು ಯಾವ ಗಳಿಗೆಯಲ್ಲಿ ಹಾಡಾಯಿತೆಂಬುದು ಗೊತ್ತಾಗುವಷ್ಟರಲ್ಲಿ ಹೆಂಗಸೊಬ್ಬಳು ಕೂಗಿ ಎದ್ದಿರುತ್ತಾಳೆ, ದಾದಿಯರಂತೆ ಬಿಳಿಯುಡುಪು ತೊಟ್ಟ ಸೇವಕಿಯರು ಅವಳು ಬೀಳದಂತೆ ಹಿಡಿದು, ಶವಸಂಸ್ಕಾರದ ಅಂಗಡಿಯ ಜಾಹೀರಾತನ್ನು ಹೊತ್ತ ರಟ್ಟಿನ ಬೀಸಣಿಗೆಯಿಂದ ಗಾಳಿ ಹಾಕುತ್ತಿರುತ್ತಾರೆ. ಇದೆಲ್ಲ ನಡೆದದ್ದು ಪೀಠದ ಕೆಳಗೆ, ನೆಲದ ಮೇಲೆ. ಪ್ರಸಂಗ ನಡೆಯಿತೆಂದು ಯಾರೂ ಆಕ್ಷೇಪಿಸುವಂತಿರಲಿಲ್ಲ, ಏಕೆಂದರೆ ನಡೆದದ್ದು ಹಾಡು. ಆಕ್ಷೇಪಿಸಬಹುದಾಗಿದ್ದ ಪಾದ್ರಿಯ ಕಣ್ಣಲ್ಲಿಯೂ ನೀರಿರುತ್ತಿತ್ತು. ಆದರೆ ಕೆಲವು ಕಡೆ ಅವರನ್ನು ಬಾಗಿಲಲ್ಲಿಯೇ ತಡೆದು ಕಳುಹಿಸಿದವರೂ ಉಂಟು.

ಮನೆಯ ಸಂಗತಿಯನ್ನು ಬಿಟ್ಟು ಇಂಥವರ ಚರಿತ್ರೆಯನ್ನು ಬರೆಯುವುದು ವಾಡಿಕೆ. ಅದು ಸರಿಯಲ್ಲ. 1924ರಲ್ಲಿ ಅವರ ಕೈಹಿಡಿದ ಜೇಮ್ಸ್ ಪೀಟರ್ ಸ್ಮಿತ್ ಸಾಮಾನು ಸಾಗಿಸುವ ಚಿಕ್ಕ ವ್ಯಾಪಾರವನ್ನು ನಡೆಸುತ್ತಿದ್ದವರು. ಒಂದು ಗಂಡು ಒಂದು ಹೆಣ್ಣು, ಇಬ್ಬರು ಮಕ್ಕಳು. ಮೂವತ್ತರ ದಶಕದ ಆರ್ಥಿಕ ಕುಸಿತದಲ್ಲಿ ಸಾಗಿಸುವುದಕ್ಕೆ ಜನರಲ್ಲಿ ಸಾಮಾನೇ ಉಳಿಯಲಿಲ್ಲ. ಆಗ ತಾಯಿ ಊರೂರು ತಿರುಗಿ ಉಜ್ಜೀವನ ಕೂಟಗಳಲ್ಲಿ ಹಾಡಿ ಬಂದ ಕಾಣಿಕೆ ಮನೆಯ ಖರ್ಚಿಗೆ ಒದಗಿತು. ಗಾಯಕಿಗೆ ಇಷ್ಟೆಂದು ಗೊತ್ತುಮಾಡಿದ ಸಂಭಾವನೆಯೇನೂ ಇರಲಿಲ್ಲ; ಕಾಣಿಕೆಯ ತಟ್ಟೆಯಲ್ಲಿ ಬಿದ್ದದ್ದು, ಅದರಲ್ಲಿಯೂ ಸಭೆಯ ಪಾಲು ಹೋಗಿ ಉಳಿದದ್ದು. ಕಪ್ಪು ಜನರಿಗೆ ಹೋಟೆಲುಗಳಲ್ಲಿ ಕೋಣೆ ಕೊಡದಿದ್ದ ಆ ಕಾಲದಲ್ಲಿ ಸಭೆಯವರ ಮನೆಯ ಮೂಲೆಯೇ ಬಿಡಾರ. ಸಾಕುಮಗಳು ಬರ್ಥಾ ಪಿಯಾನೋ ನುಡಿಸಲು ಜೊತೆಗಿದ್ದಳು. ಹೆತ್ತ ಮಕ್ಕಳು ತಂದೆಯ ಬಳಿ ಬೆಳೆದರು, ತಾಯಿ ವಾರಗಟ್ಟಲೆ ಮನೆಯಲ್ಲಿಲ್ಲದ ಕೊರತೆಯನ್ನು ಅನುಭವಿಸಿದರು, ದೊಡ್ಡವರಾದ ಮೇಲೆ ಅದನ್ನು ಬಾಯಿಬಿಟ್ಟು ಹೇಳಿಯೂ ಹೇಳಿದರು. ಊರಿಗೆಲ್ಲ 'ಮದರ್' ಆದವಳು ತನ್ನ ಮನೆಯಲ್ಲಿ ತಾಯಿಯಾಗಿರಲು ಪಟ್ಟ ಪಾಡನ್ನು ಭಕ್ತಿಯ ಹೆಸರಿನಲ್ಲಿ ಮರೆಸಿಬಿಡುವುದು ಆ ಮಕ್ಕಳಿಗೂ ಆ ತಾಯಿಗೂ ಮಾಡುವ ಅನ್ಯಾಯವೆಂದು ನನಗೆ ತೋರುತ್ತದೆ.

ಇಷ್ಟೆಲ್ಲ ಹಾಡಿದವರ ಧ್ವನಿಮುದ್ರಿಕೆಗಳೆಷ್ಟೆಂದು ಹುಡುಕಿದರೆ, ಕಂಠ ಉಚ್ಚಸ್ಥಿತಿಯಲ್ಲಿದ್ದ ಮೂವತ್ತು ನಲವತ್ತರ ದಶಕಗಳದು ಬಹುಮಟ್ಟಿಗೆ ಏನೂ ಸಿಗುವುದಿಲ್ಲ. ಸಿಗುವವು ಎಪ್ಪತ್ತನೆಯ ವಯಸ್ಸಿನ ಆಸುಪಾಸಿನವು. ಹಾಗಾದರೆ ಅವರ ಹಾಡು ಎಲ್ಲಿದೆ? ಅವರಿಂದ ಕಲಿತವರಲ್ಲಿದೆ. ರಾಸಾಯನಿಕ ಕಾರ್ಖಾನೆಯ ಕೂಲಿಯಾಗಿ ಈಸ್ಟ್ ಸೇಂಟ್ ಲೂಯಿಗೆ ಬಂದ ಜೋ ಮೇ ಎಂಬ ಯುವಕನು ಅವರ ಬಳಿ ಅವರಂತೆಯೇ ಹಾಡಲು ಕಲಿತನು. ಕೈಯೆತ್ತುವ ಬಗೆಯೂ ಅವರದೇ. 1950ರ ಸುಮಾರಿನಲ್ಲಿ ಅವನ ಮುದ್ರಿಕೆಗಳು ಲಕ್ಷಗಟ್ಟಲೆ ಮಾರಾಟವಾಗಿ, 'ಮಧ್ಯಪಶ್ಚಿಮದ ಸಿಡಿಲು' ಎಂದು ಅವನು ಪ್ರಖ್ಯಾತನಾದನು. ಆ ಬಿರುದನ್ನು ಕೊಟ್ಟವರೂ ತಾಯಿ ಸ್ಮಿತ್. ಅವನು ಅವರನ್ನು ಕಡೆಯವರೆಗೂ 'ಮದರ್' ಎಂದೇ ಕರೆದನು. ಇನ್ನೊಬ್ಬ ಶಿಷ್ಯೆ ಮಾರ್ತಾ ಬ್ಯಾಸ್. ಈಕೆಯ ಮಗಳು ಫಾಂಟೆಲ್ಲಾ ದೇವಾಲಯದ ಹಾಡನ್ನು ಬಿಟ್ಟು ಲೌಕಿಕ ಸಂಗೀತಕ್ಕೆ ಹೋಗಿ, 1965ರಲ್ಲಿ 'ರೆಸ್ಕ್ಯೂ ಮಿ' ಎಂಬ ಪ್ರೇಮಗೀತೆಯಿಂದ ದೇಶವನ್ನೆಲ್ಲ ಕುಣಿಸಿದಳು. ಆ ಹಾಡನ್ನು ಇಂದು ಕೇಳುವವರು ಸ್ವಲ್ಪ ಕಿವಿಗೊಟ್ಟರೆ, ಪಲ್ಲವಿ ಮರಳುವಾಗ ಸ್ವರವನ್ನು ಬಗ್ಗಿಸುವ, ಮಾತಿಗೆ ಮಾತು ಉತ್ತರ ಬರಿಸುವ ದೇವಾಲಯದ ರೀತಿಯನ್ನು ಗುರುತಿಸಬಹುದು. 1980ರಲ್ಲಿ ತಾಯಿ ಮಾರ್ತಾ, ಮಗಳು ಫಾಂಟೆಲ್ಲಾ, ಮಗ ಡೇವಿಡ್ ಪೀಸ್ಟನ್ ಮೂವರೂ ಒಟ್ಟಿಗೆ ಕುಳಿತು ಒಂದು ಭಕ್ತಿಗೀತೆಗಳ ಮುದ್ರಿಕೆಯನ್ನು ಹೊರತಂದರು.

1982ರಲ್ಲಿ ಜಾರ್ಜ್ ನಿಯರೆನ್‌ಬರ್ಗ್ ಎಂಬ ನಿರ್ದೇಶಕನು ತಯಾರಿಸಿದ 'ಸೇ ಆಮೆನ್, ಸಂಬಡಿ' ಎಂಬ ಸಾಕ್ಷ್ಯಚಿತ್ರದಿಂದ ತಾಯಿ ಸ್ಮಿತ್ ಅವರ ಹೆಸರು ದೇವಾಲಯಗಳ ಹೊರಗೂ ಹಬ್ಬಿತು. ಡಾರ್ಸಿ ಮತ್ತು ಸ್ಯಾಲಿ ಮಾರ್ಟಿನ್ ಇಬ್ಬರೂ ಮುಪ್ಪಿನಲ್ಲಿ, ಹಳೆಯ ಲೆಕ್ಕಗಳ ಜಗಳವನ್ನು ಇನ್ನೂ ಮುಗಿಸದೆ, ಆ ಚಿತ್ರದಲ್ಲಿದ್ದಾರೆ. ಡೆಲೋಯಿಸ್ ಬ್ಯಾರೆಟ್ ಕ್ಯಾಂಬೆಲ್ ಎಂಬ ಗಾಯಕಿಯ ಗಂಡ, ಸ್ವತಃ ಪಾದ್ರಿಯಾದವನು, ಹೆಂಡತಿ ಊರೂರು ಹಾಡಿಕೊಂಡು ಹೋಗುವುದಕ್ಕೆ ಬದಲು ತನ್ನ ಸಭೆಯಲ್ಲಿರಬೇಕೆಂದು ಅವಳೆದುರೇ ವಾದಿಸುವುದೂ ಅದರಲ್ಲಿದೆ. ಎಲ್ಲಕ್ಕಿಂತ ನನ್ನ ನೆನಪಿನಲ್ಲಿ ನಿಂತಿರುವ ಭಾಗವೆಂದರೆ ತಾಯಿ ಸ್ಮಿತ್ ಅವರ ಮೊಮ್ಮಗನು, ದೇವರ ಸೇವೆಯಲ್ಲಿ ಹೆಂಗಸಿಗೆ ಆ ಸ್ಥಾನವಿಲ್ಲವೆಂದು ಅಜ್ಜಿಯ ಮುಖಕ್ಕೇ ಹೇಳುವುದು. ಎಂಬತ್ತನ್ನು ಸಮೀಪಿಸಿದ್ದ ಅಜ್ಜಿ ಸಿಟ್ಟಾಗುವುದಿಲ್ಲ, ಬಿಟ್ಟುಕೊಡುವುದೂ ಇಲ್ಲ; ಅರವತ್ತು ವರ್ಷಗಳಿಂದ ಹೇಳುತ್ತ ಬಂದ ಉತ್ತರವನ್ನೇ, ಮನೆಯ ಹುಡುಗನಿಗೆ ಹೇಳುವ ಸಲಿಗೆಯಿಂದ, ಇನ್ನೊಮ್ಮೆ ಹೇಳುತ್ತಾರೆ. ಮೊಮ್ಮಗನು ಒಪ್ಪಿದಂತೆ ಕಾಣುವುದಿಲ್ಲ.

1988ರಲ್ಲಿ ಅಮೆರಿಕದ ಸರ್ಕಾರದ ಕಲಾನಿಧಿಯು ಅವರಿಗೆ ರಾಷ್ಟ್ರೀಯ ಪರಂಪರಾ ಗೌರವವನ್ನಿತ್ತಿತು. 1994ರ ಫೆಬ್ರವರಿ 2ರಂದು ಸೇಂಟ್ ಲೂಯಿಯಲ್ಲಿ, 89ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು; ಡಾರ್ಸಿ ತೀರಿಕೊಂಡದ್ದು ಅದಕ್ಕೆ ಒಂದು ವರ್ಷ ಮೊದಲು. ಅಮಾಂಡಾ ಸ್ಮಿತ್ ಯಾವ ದೀಕ್ಷೆಯೂ ಇಲ್ಲದೆ ಹಾಡಿದ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಯು 2000ದಲ್ಲಿ ವಾಷ್ಟಿ ಮೆಕೆಂಜಿ ಎಂಬಾಕೆಯನ್ನು ತನ್ನ ಮೊದಲ ಮಹಿಳಾ ಬಿಷಪ್ಪಳನ್ನಾಗಿ ಆರಿಸಿತು. ಮೇಸನ್ ಕಟ್ಟಿದ ಪಂಥದಲ್ಲಿ ಹೆಂಗಸರಿಗೆ ಹಿರಿಯ ಪಾದ್ರಿಯ ದೀಕ್ಷೆಯನ್ನು ಕೊಡುವ ಪದ್ಧತಿ ಇನ್ನೂ ಬಂದಿಲ್ಲ. ಮುಂದಿನ ಸಾಲಿನಲ್ಲಿ ಬಿಳಿಯುಡುಪಿನ ತಾಯಂದಿರು ಕುಳಿತುಕೊಳ್ಳುತ್ತಾರೆ, ಪ್ರಸಂಗವು ಉದ್ದವಾದ ದಿನ ಅವರಲ್ಲೊಬ್ಬರು ಹಾಡನ್ನೆತ್ತುತ್ತಾರೆ, ಪಾದ್ರಿಯು ಮಾತನ್ನು ನಿಲ್ಲಿಸುತ್ತಾನೆ.